ಹೈಫಾ ಗೆದ್ದವರ ಹೆಸರು ಹುಡುಕುತ್ತ: ಮೈಸೂರು ಲ್ಯಾನ್ಸರ್ಸ್ ಸೈನಿಕರ ಬದುಕಿನ ಜಾಡು

ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಕಲ್ಲಿನ ಸ್ತಂಭವಿದೆ. ದಿನವೂ ಅದರ ಪಕ್ಕದಲ್ಲಿ ಸಾವಿರಾರು ವಾಹನಗಳು ಹಾದುಹೋಗುತ್ತವೆ. ಅದರ ಮೇಲೆ ಕೆತ್ತಿರುವುದು ಯಾವ ರಾಜನ ಬಿರುದಾವಳಿಯನ್ನೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್ ಹಾಗೂ ಪ್ಯಾಲೆಸ್ಟೈನ್ ರಣರಂಗಗಳಿಂದ ಮರಳಿ ಬಾರದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಯೋಧರ ಹೆಸರುಗಳನ್ನು. ಒಂದು ಕಾಲದಲ್ಲಿ ಈ ದಳದ ಲಾಯಗಳು ಹಾಗೂ ವಸತಿಗಳು ಇದೇ ಆಸುಪಾಸಿನಲ್ಲಿದ್ದವು ಎಂಬುದು ಅಲ್ಲಿ ವಾಸಿಸುವ ಹಲವರಿಗೂ ತಿಳಿದಿರಲಾರದು.

ಇತ್ತೀಚಿನ ವರ್ಷಗಳಲ್ಲಿ ‘ಹೈಫಾ’ ಎಂಬ ಹೆಸರು ಕನ್ನಡಿಗರ ಕಿವಿಗೆ ಮತ್ತೆ ಬೀಳತೊಡಗಿದೆ. 2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಇಸ್ರೇಲಿನ ಹೈಫಾ ನಗರದ ಭಾರತೀಯ ಯೋಧರ ಸ್ಮಶಾನಕ್ಕೆ ಭೇಟಿ ನೀಡಿದರು. 2018ರ ಜನವರಿಯಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ’ ಎಂದು ಮರುನಾಮಕರಣವಾಯಿತು. ಅಲ್ಲಿರುವ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವಾರೋಹಿಗಳನ್ನು ಪ್ರತಿನಿಧಿಸುತ್ತವೆ. ಅದರ ಬೆನ್ನಲ್ಲೇ ಹಳೆಯ ಮೈಸೂರು ಭಾಗದ ಅನೇಕ ಕುಟುಂಬಗಳಲ್ಲಿ, ಪೆಟ್ಟಿಗೆಯ ತಳದಲ್ಲಿದ್ದ ಪದಕಗಳು ಹೊರಬಂದು ‘ನಮ್ಮ ಮುತ್ತಜ್ಜನೂ ಹೋಗಿದ್ದರಂತೆ’ ಎಂಬ ಮಾತು ಎದ್ದಿದೆ. ಆದರೆ ‘ಹೋಗಿದ್ದರಂತೆ’ ಎಂಬುದನ್ನು ‘ಹೋಗಿದ್ದರು’ ಎಂದು ಹೇಳಬೇಕಾದರೆ ಏನು ಮಾಡಬೇಕು? ಉತ್ತರ ಸುಲಭವಲ್ಲ. ಅಸಾಧ್ಯವೂ ಅಲ್ಲ.

ಬೆಂಗಳೂರಿನಿಂದ ಸೂಯೆಜ್‌ಗೆ

ದೇಶೀ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಪಡೆ ಕಟ್ಟಿ, ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಒದಗಿಸುವ ‘ಇಂಪೀರಿಯಲ್ ಸರ್ವಿಸ್’ ವ್ಯವಸ್ಥೆಯನ್ನು ಬ್ರಿಟಿಷರು ಜಾರಿಗೆ ತಂದದ್ದು 1889ರಲ್ಲಿ. ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಈ ಏರ್ಪಾಡಿನಡಿ ರೂಪುಗೊಂಡ ಅಶ್ವದಳವೇ ಮೈಸೂರು ಲ್ಯಾನ್ಸರ್ಸ್. ಈಟಿ ಹಿಡಿದ ಸವಾರರ ದಳವಾದ್ದರಿಂದ ಆ ಹೆಸರು. ಅರಸು ಮನೆತನದವರು, ಮುಸ್ಲಿಮರು, ಮರಾಠರು ಇದರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದರು.

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲ್ಯಾನ್ಸರ್ಸ್ ದಳ ಬೆಂಗಳೂರಿನಿಂದ ಹೊರಟಿತು. ದಳದ ಮುಖ್ಯಸ್ಥರಾಗಿದ್ದವರು ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸ್. ಸುಮಾರು 450 ಸವಾರರು, 500ಕ್ಕೂ ಹೆಚ್ಚು ಕುದುರೆಗಳು, ಜತೆಗೆ ಹೇಸರಗತ್ತೆಗಳು. ಇವರಲ್ಲದೆ ಲಾಯ ನೋಡಿಕೊಳ್ಳುವವರು, ಹುಲ್ಲು ಕೊಯ್ಯುವವರು, ನಾಲಬಂದರು, ಭಿಸ್ತಿಗಳು, ಅಡುಗೆಯವರು. ಈ ಕೊನೆಯ ಸಾಲಿನವರ ಬಗ್ಗೆ ಮುಂದೆ ಹೇಳಬೇಕಾದ ಮಾತಿದೆ.

ಈಜಿಪ್ಟ್ ತಲುಪಿದ ದಳ 15ನೇ ಇಂಪೀರಿಯಲ್ ಸರ್ವಿಸ್ ಅಶ್ವ ಬ್ರಿಗೇಡ್‌ನ ಭಾಗವಾಯಿತು. ಮೊದಲ ವರ್ಷಗಳಲ್ಲಿ ಇವರ ಪಾಲಿಗೆ ಬಂದದ್ದು ಸೂಯೆಜ್ ಕಾಲುವೆಯ ರಕ್ಷಣೆ: ಮರಳುಗಾಡಿನಲ್ಲಿ ಗಸ್ತು, ನೀರಿನ ಬಾವಿಗಳ ಕಾವಲು. 1917ರಲ್ಲಿ ಗಾಜಾ ಕದನ, 1918ರ ಬೇಸಿಗೆಯಲ್ಲಿ ಜೋರ್ಡಾನ್ ಕಣಿವೆಯ ಧಗೆ. ಫ್ರಾನ್ಸ್‌ನಲ್ಲಿದ್ದ ಜೋಧಪುರ ಲ್ಯಾನ್ಸರ್ಸ್ ಈ ಬ್ರಿಗೇಡನ್ನು ಸೇರಿಕೊಂಡದ್ದು 1918ರಲ್ಲಿ.

ಸೆಪ್ಟೆಂಬರ್ 23: ನಡೆದದ್ದೇನು?

ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಜವುಗು. ನಡುವಿನ ಇಕ್ಕಟ್ಟಾದ ದಾರಿಯೇ ಹೈಫಾ ಬಂದರಿಗೆ ಪ್ರವೇಶ. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮಷಿನ್‌ಗನ್‌ಗಳು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್, ಶೆರ್‌ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಅಶ್ವದಳದ ತುಕಡಿಯೊಂದರ ಜತೆ, ಕಡಿದಾದ ದಾರಿಯಲ್ಲಿ ಬೆಟ್ಟ ಹತ್ತಿ ಫಿರಂಗಿ ನೆಲೆಯ ಮೇಲೆ ಬಿದ್ದಿತು. ಉಳಿದ ಮೈಸೂರು ಸವಾರರು ಕೆಳಗಿನಿಂದ ಗುಂಡಿನ ಆಸರೆ ಒದಗಿಸಿದರು. ಮಧ್ಯಾಹ್ನ ಜೋಧಪುರ ಲ್ಯಾನ್ಸರ್ಸ್ ನೇರವಾಗಿ ಪಟ್ಟಣದತ್ತ ಕುದುರೆ ಓಡಿಸಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಗುಂಡೇಟಿಗೆ ಬಲಿಯಾದರು. ಮೈಸೂರಿನವರು ಅವರ ಹಿಂದೆಯೇ ಊರೊಳಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈವಶವಾಯಿತು.

ಸೆರೆ ಸಿಕ್ಕವರು 1,350 ಮಂದಿ. ವಶಪಡಿಸಿಕೊಂಡದ್ದು 17 ಫಿರಂಗಿ ಹಾಗೂ 11 ಮಷಿನ್‌ಗನ್. ಆಕ್ರಮಣಕಾರರ ಪೈಕಿ ಸತ್ತವರು 8, ಗಾಯಗೊಂಡವರು 34. ಕುದುರೆಗಳ ಲೆಕ್ಕ ಇದಕ್ಕಿಂತ ಕಠೋರ: 60 ಸತ್ತವು, 83 ಗಾಯಗೊಂಡವು.

ಈ ಅಂಕಿಗಳನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಹೈಫಾದಲ್ಲಿ 900 ಭಾರತೀಯರು ಹುತಾತ್ಮರಾದರು ಎಂಬ ಮಾತು ಭಾಷಣ, ಬರಹಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಆ ದಿನದ ಕದನದ ಸಂಖ್ಯೆಯಲ್ಲ. ಮನೆಯ ಹಿರಿಯರು ‘ಯುದ್ಧದಲ್ಲಿ ತೀರಿಕೊಂಡರು’ ಎಂದು ಹೇಳಿದ ಮಾತ್ರಕ್ಕೆ ಅವರು ಹೈಫಾದಲ್ಲೇ ತೀರಿಕೊಂಡರೆಂದು ಭಾವಿಸಿ ಹುಡುಕಾಟ ಆರಂಭಿಸುವವರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಹಾಗೆಯೇ ಹೈದರಾಬಾದ್ ಲ್ಯಾನ್ಸರ್ಸ್ ಅದೇ ಬ್ರಿಗೇಡ್‌ನಲ್ಲಿದ್ದರೂ ಆ ದಿನದ ದಾಳಿಯಲ್ಲಿ ಪಾಲ್ಗೊಂಡಿರಲಿಲ್ಲ. ಯುದ್ಧಕೈದಿಗಳನ್ನು ಹಿಂದಕ್ಕೆ ಸಾಗಿಸುವ ಕೆಲಸ ಅವರದಾಗಿತ್ತು.

ಹೈಫಾದ ಕೀರ್ತಿಯ ನೆರಳಿನಲ್ಲಿ ಮರೆಯಾದ ಇನ್ನೊಂದು ಹೆಸರು ಹರಿತಾನ್. ಹೈಫಾ ಬಿದ್ದ ಒಂದು ತಿಂಗಳ ನಂತರ, 1918ರ ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ನಗರದ ಉತ್ತರಕ್ಕಿರುವ ಈ ಹಳ್ಳಿಯ ಬಳಿ ಜೋಧಪುರ ಮತ್ತು ಮೈಸೂರು ಸವಾರರು ತಮಗಿಂತ ಬಹಳ ದೊಡ್ಡ ಪಡೆಯೊಂದನ್ನು ಎದುರಿಸಿದರು. ಬ್ರಿಗೇಡ್‌ನ 21 ಮಂದಿ ಅಲ್ಲಿ ಸತ್ತರು, 56 ಮಂದಿ ಗಾಯಗೊಂಡರು. ಅಂದರೆ ಹೈಫಾಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಸಾವು. ನಾಲ್ಕೇ ದಿನಗಳಲ್ಲಿ, ಅಕ್ಟೋಬರ್ 30ರಂದು, ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದಿತು. ಹೈಫಾ ಜಗತ್ತಿನ ಕೊನೆಯ ಅಶ್ವದಾಳಿ ಎಂಬ ಮಾತು ಎಷ್ಟು ಜನಪ್ರಿಯವೋ ಅಷ್ಟೇ ತಪ್ಪು. ಅದೇ ಬ್ರಿಗೇಡ್‌ಗೇ ಅದು ಕೊನೆಯದಾಗಿರಲಿಲ್ಲ.

ಈ ಎರಡು ಕದನಗಳ ನಡುವಿನ ಐದು ವಾರಗಳಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ. ಡಮಾಸ್ಕಸ್ ದಾಟಿದ ಅಶ್ವಪಡೆಗಳಲ್ಲಿ ತುಕಡಿಗೆ ತುಕಡಿಯೇ ಹಾಸಿಗೆ ಹಿಡಿದಿತ್ತು. ದಾಖಲೆಯಲ್ಲಿ 1918ರ ಅಕ್ಟೋಬರ್ ಅಥವಾ ನವೆಂಬರ್‌ನ ಮರಣ ದಿನಾಂಕ ಕಂಡರೆ, ಅದು ಕದನದ ದಿನವಲ್ಲದಿದ್ದರೆ, ಆಸ್ಪತ್ರೆಯ ಸಾವಾಗಿರುವ ಸಂಭವವೇ ಹೆಚ್ಚು. ಲ್ಯಾನ್ಸರ್ಸ್ ತಾಯ್ನಾಡಿಗೆ ಮರಳಿದ್ದು 1920ರಲ್ಲಿ. ಐದು ವರ್ಷಗಳಿಗೂ ಮೀರಿದ ಅವಧಿ ಅದು.

ಮೊದಲ ಸಾಕ್ಷ್ಯ ಮನೆಯಲ್ಲೇ

ಹುಡುಕಾಟವನ್ನು ಲಂಡನ್ನಿನಿಂದ ಆರಂಭಿಸಬೇಕಾಗಿಲ್ಲ. ಮನೆಯ ಹಳೆಯ ಪೆಟ್ಟಿಗೆಯಿಂದ ಆರಂಭಿಸುವುದು ಲೇಸು. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳಿಗೆ ಒಂದು ಅಪರೂಪದ ಗುಣವಿದೆ: ಪ್ರತಿಯೊಂದರ ಮೇಲೂ ಪಡೆದವನ ಹೆಸರು ಕೆತ್ತಲ್ಪಟ್ಟಿರುತ್ತದೆ. ಬೆಳ್ಳಿಯ ‘ಬ್ರಿಟಿಷ್ ವಾರ್ ಮೆಡಲ್’ ಹಾಗೂ ಕಂಚಿನ ‘ವಿಕ್ಟರಿ ಮೆಡಲ್’ಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸೇವಾಸಂಖ್ಯೆ, ದರ್ಜೆ, ಹೆಸರು ಮತ್ತು ದಳದ ಹೆಸರು ಸಿಗುತ್ತವೆ. ‘1914-15 ಸ್ಟಾರ್’ ಎಂಬ ನಕ್ಷತ್ರಾಕಾರದ ಪದಕದಲ್ಲಿ ಇದೇ ವಿವರ ಹಿಂಬದಿಯಲ್ಲಿರುತ್ತದೆ. ಈ ಮೂರನೆಯದು ಇದ್ದರೆ ಆ ವ್ಯಕ್ತಿ 1915ರ ಅಂತ್ಯದೊಳಗೇ ರಣರಂಗ ತಲುಪಿದ್ದ ಎಂದರ್ಥ. 1914ರಲ್ಲೇ ಹೊರಟವರಿಗೂ ನಂತರ ಪೂರಕ ತುಕಡಿಗಳಲ್ಲಿ ಹೋದವರಿಗೂ ಇರುವ ವ್ಯತ್ಯಾಸ ಇದರಿಂದ ತಿಳಿಯುತ್ತದೆ.

ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದಲ್ಲದೆ ಕಂಚಿನದಾಗಿದ್ದರೆ? ಅದನ್ನು ನಕಲಿ ಎಂದು ಬದಿಗೆ ಸರಿಸುವ ಅಗತ್ಯವಿಲ್ಲ. ಶಸ್ತ್ರ ಹಿಡಿಯದೆ ಪಡೆಯೊಡನೆ ದುಡಿದ ಪರಿಚಾರಕ ಮತ್ತು ಕಾರ್ಮಿಕ ವರ್ಗದವರಿಗೆ ಅದೇ ಪದಕವನ್ನು ಕಂಚಿನಲ್ಲಿ ನೀಡಲಾಗುತ್ತಿತ್ತು. ಯುದ್ಧ ಒಂದೇ, ಲೋಹ ಬೇರೆ.

ಪದಕಗಳನ್ನು ಹುಣಸೆಹಣ್ಣಿನಿಂದಲೋ ಪಾಲಿಷ್‌ನಿಂದಲೋ ಉಜ್ಜಿ ಬೆಳಗಿಸುವ ಉತ್ಸಾಹ ಬೇಡ. ಉಜ್ಜಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಅಕ್ಷರ ಹೋದರೆ ಉಳಿಯುವುದು ಬರೀ ಲೋಹ.

ಸತ್ತವರ ಪಟ್ಟಿ

ಯುದ್ಧಕಾಲದಲ್ಲಿ ಮೃತಪಟ್ಟವರ ಮಾಹಿತಿಗೆ ಮೊದಲು ನೋಡಬೇಕಾದುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ದತ್ತಕೋಶ. ಅಂತರ್ಜಾಲದಲ್ಲಿ ಇದು ಉಚಿತವಾಗಿ ಲಭ್ಯ. ಹೆಸರು, ದರ್ಜೆ, ಸೇವಾಸಂಖ್ಯೆ, ದಳ, ಮರಣದ ದಿನಾಂಕ ಹಾಗೂ ಸ್ಮರಣೆಯ ಸ್ಥಳ ಅಲ್ಲಿರುತ್ತವೆ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲ್ಲೂಕು ಕೂಡ ಸಿಗುತ್ತವೆ. ಹೆಸರಿನ ಬದಲು ದಳದ ಹೆಸರಿನಿಂದಲೇ ಹುಡುಕಿ, ಸಿಕ್ಕ ಪಟ್ಟಿಯನ್ನು ಒಂದೊಂದಾಗಿ ಓದುವುದು ಹೆಚ್ಚು ಫಲಕಾರಿ. ಏಕೆಂದರೆ ಕನ್ನಡ, ಉರ್ದು, ಮರಾಠಿ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ‘ಅರಸ್’ ಎಂಬುದು ‘ಅರ್ಸ್’ ಆಗಿದೆ. ‘ಗೌಡ’, ‘ರಾವ್’, ‘ಹುಸೇನ್’ ಮುಂತಾದವುಗಳಿಗೆ ಮೂರು ನಾಲ್ಕು ಬಗೆಯ ಕಾಗುಣಿತಗಳುಂಟು. ಊರಿನ ಹೆಸರಂತೂ ಒಮ್ಮೊಮ್ಮೆ ಜೋರಾಗಿ ಓದಿದಾಗ ಮಾತ್ರ ಅರ್ಥವಾಗುತ್ತದೆ.

ಈಜಿಪ್ಟ್ ಹಾಗೂ ಪ್ಯಾಲೆಸ್ಟೈನ್‌ನಲ್ಲಿ ಮಡಿದ ಸುಮಾರು 4,000 ಭಾರತೀಯರ ಸ್ಮರಣೆ ಕೈರೋ ನಗರದ ಹೆಲಿಯೊಪೊಲಿಸ್ ಸ್ಮಾರಕದಲ್ಲಿದೆ. ಅದರ ಹಿಂದೆ ಇನ್ನೊಂದು ಕತೆ. ಮೂಲ ಸ್ಮಾರಕ ಸ್ಥಾಪನೆಯಾದದ್ದು 1926ರಲ್ಲಿ, ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ. ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಯುದ್ಧಗಳಲ್ಲಿ ಅದು ಹಾನಿಗೊಂಡು ಕೊನೆಗೆ ಕೆಡವಬೇಕಾಯಿತು. 1980ರಲ್ಲಿ ಹೆಸರುಗಳ ಫಲಕಗಳು ಹೆಲಿಯೊಪೊಲಿಸ್‌ನ ಯುದ್ಧ ಸ್ಮಶಾನದಲ್ಲಿ ಮರುಸ್ಥಾಪನೆಗೊಂಡವು. ಹಳೆಯ ಪುಸ್ತಕಗಳಲ್ಲಿ ಪೋರ್ಟ್ ತೌಫೀಕ್ ಎಂದು ಓದಿ ಅಲ್ಲಿಗೆ ಹೋಗುವವರಿಗೆ ಏನೂ ಸಿಗದಿರುವುದಕ್ಕೆ ಇದೇ ಕಾರಣ.

ಹೆಸರೇ ಕೆತ್ತದ ಸ್ಮಾರಕ

ಲ್ಯಾನ್ಸರ್ಸ್ ಬಿಟ್ಟು ಬೇರೆ ದಳಗಳಲ್ಲಿದ್ದವರ ವಿಚಾರ ಇನ್ನಷ್ಟು ಜಟಿಲ. ಮೈಸೂರು ಸಂಸ್ಥಾನದ್ದೇ ಆದ ಸಾಗಣೆ ದಳ ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕ್‌ಗೆ ಹೋಗಿತ್ತು. ಬೆಂಗಳೂರು ದಂಡಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಹಲವು ರಣರಂಗಗಳಲ್ಲಿ ದುಡಿದರು. ಬ್ರಿಗೇಡ್ ರಸ್ತೆ ಹಾಗೂ ರೆಸಿಡೆನ್ಸಿ ರಸ್ತೆ ಕೂಡುವಲ್ಲಿರುವ ಸ್ಮಾರಕ ಮದ್ರಾಸ್ ಪಯೊನಿಯರ್ಸ್ ಯೋಧರದು. ಆ ಪಡೆಯನ್ನೇ 1933ರಲ್ಲಿ ವಿಸರ್ಜಿಸಲಾಯಿತು. ಆಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಭಾಗದಿಂದ ಮರಾಠಾ ದಳಗಳಿಗೆ ಸೇರಿದವರಿದ್ದರು. ಅವುಗಳ ಪೈಕಿ 103, 110 ಮತ್ತು 117ನೇ ದಳಗಳು ಕುತ್ ಅಲ್ ಅಮಾರಾದಲ್ಲಿ ಮುತ್ತಿಗೆಗೆ ಸಿಲುಕಿ, 1916ರ ಏಪ್ರಿಲ್ 29ರಂದು ಶರಣಾದವು.

ಮೆಸೊಪೊಟೇಮಿಯದಲ್ಲಿ ಮಡಿದು ಸಮಾಧಿ ಗೊತ್ತಿಲ್ಲದವರ ಸ್ಮಾರಕ ಬಸ್ರಾದ್ದು. 40,000ಕ್ಕೂ ಹೆಚ್ಚು ಮಂದಿಯ ನೆನಪಿನದು. ಆದರೆ ಅಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಲಾಯಿತು, ಭಾರತೀಯ ಅಧಿಕಾರಿಗಳ ಹೆಸರು ಕೆತ್ತಲಾಯಿತು. ಸಾಮಾನ್ಯ ಭಾರತೀಯ ಸಿಪಾಯಿಗಳದು ಮಾತ್ರ ದಳವಾರು ಸಂಖ್ಯೆಯಾಗಿ ಉಳಿಯಿತು. 1997ರಲ್ಲಿ ಸದ್ದಾಂ ಹುಸೇನ್ ಆಡಳಿತ ಈ ಸ್ಮಾರಕವನ್ನು ನಾಸಿರಿಯಾ ರಸ್ತೆಯ ಬದಿಗೆ ಸ್ಥಳಾಂತರಿಸಿತು.

ಈ ತಾರತಮ್ಯವನ್ನು ಕಮಿಷನ್ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ತನ್ನದೇ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿದೆ. ಏಷ್ಯಾ, ಆಫ್ರಿಕಾ ಮೂಲದ 45,000ದಿಂದ 54,000 ಮೃತರಿಗೆ ಸಮಾನ ಗೌರವ ದೊರೆಯಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿ, ಬಹುಶಃ 3,50,000ದಷ್ಟು ಜನ, ಹೆಸರಿನಿಂದ ಅಥವಾ ಯಾವ ರೀತಿಯಿಂದಲೂ ಸ್ಮರಿಸಲ್ಪಟ್ಟಿಲ್ಲ ಎಂದು ವರದಿ ಹೇಳುತ್ತದೆ. ನೂರು ವರ್ಷ ತಡವಾಗಿ ಬಂದ ಒಪ್ಪಿಗೆ. ಹಾಗಿದ್ದರೂ ಹುಡುಕುವವರಿಗೆ ಉಪಯುಕ್ತ: ಕಲ್ಲಿನ ಮೇಲೆ ಹೆಸರಿಲ್ಲವೆಂದ ಮಾತ್ರಕ್ಕೆ ಆ ವ್ಯಕ್ತಿ ಹೋಗಿರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಕಲ್ಲಿನಲ್ಲಿಲ್ಲದ ಬಸ್ರಾದ ಅನೇಕ ಹೆಸರುಗಳು ಈಗ ಕಮಿಷನ್‌ನ ದತ್ತಕೋಶದಲ್ಲಿ ಸಿಗುತ್ತವೆ.

ಬದುಕಿ ಬಂದವರು

ವಿಚಿತ್ರವೆಂದರೆ, ಸತ್ತವರನ್ನು ಹುಡುಕುವುದಕ್ಕಿಂತ ಬದುಕಿ ಬಂದವರನ್ನು ಹುಡುಕುವುದು ಕಷ್ಟ. ಸತ್ತವರಿಗೆ ಪಟ್ಟಿಯಿದೆ, ಸ್ತಂಭವಿದೆ. ಮರಳಿ ಬಂದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲೋ ಬೆಂಗಳೂರಿನ ಮುನಿರೆಡ್ಡಿಪಾಳ್ಯದಲ್ಲೋ ಉಳಿದ ಆಯಸ್ಸು ಕಳೆದ ಸವಾರನಿಗೆ ಅಂಥದ್ದು ಯಾವುದೂ ಇಲ್ಲ.

ಸಂಸ್ಥಾನದ ಪಡೆಯಾದ್ದರಿಂದ ಇವರ ಸೇವೆಯ ವಿವರ ಬ್ರಿಟಿಷ್ ಭಾರತೀಯ ಸೇನೆಯ ಕಡತಗಳಿಗಿಂತ ಮೈಸೂರು ಸರ್ಕಾರದ ಕಡತಗಳಲ್ಲಿ ಇರುವ ಸಂಭವ ಹೆಚ್ಚು. ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಮೈಸೂರಿನ ವಿಭಾಗೀಯ ಪತ್ರಾಗಾರ ಈ ದೃಷ್ಟಿಯಿಂದ ಮುಖ್ಯ. ಅಲ್ಲಿ ವ್ಯಕ್ತಿಯ ಹೆಸರಿನಿಂದ ಕಡತ ಕೇಳಿದರೆ ಸಿಗುವುದಿಲ್ಲ. ಸೇನಾ ಇಲಾಖೆ, ಪಿಂಚಣಿ, ಬಡ್ತಿ, ವರ್ಷ ಎಂಬ ವಿಷಯಾನುಕ್ರಮದಲ್ಲಿ ಕೇಳಬೇಕು. ವರ್ಷವಾರು ಮೈಸೂರು ಆಡಳಿತ ವರದಿಗಳು ಹಾಗೂ ಸಿ. ಹಯವದನರಾವ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ದಳದ ಒಟ್ಟು ಚಿತ್ರಣ ಕೊಡುತ್ತವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳಲ್ಲಿ ಸಂಸ್ಥಾನಗಳ ಪಡೆಗಳ ಪತ್ರವ್ಯವಹಾರವಿದೆ. ಅದರ ‘ಅಭಿಲೇಖ್ ಪಟಲ್’ ತಾಣದಲ್ಲಿ ಕಡತಗಳ ಸೂಚಿಯನ್ನು ಮನೆಯಿಂದಲೇ ಶೋಧಿಸಬಹುದು.

ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಬ್ರಿಗೇಡ್‌ಗಳ ಯುದ್ಧ ದಿನಚರಿಗಳಿವೆ. ಇಂಥ ದಿನ ಇಷ್ಟು ಮೈಲಿ ನಡೆದೆವು, ಇಂಥಲ್ಲಿ ನೀರು ಸಿಕ್ಕಿತು, ಇಷ್ಟು ಕುದುರೆ ಕುಂಟಿದವು ಎಂಬಂಥ ಒಣ ಟಿಪ್ಪಣಿಗಳು ಅವು. ಸಾಮಾನ್ಯ ಸವಾರನ ಹೆಸರು ಅಲ್ಲಿ ಅಪರೂಪ. ಆದರೂ ಮುತ್ತಜ್ಜನ ದಳ ಒಂದು ನಿರ್ದಿಷ್ಟ ದಿನ ಎಲ್ಲಿತ್ತು ಎಂಬುದನ್ನು ಅಷ್ಟು ಖಚಿತವಾಗಿ ಹೇಳುವ ಮೂಲ ಬೇರೊಂದಿಲ್ಲ. ಶೌರ್ಯಪದಕ ಪಡೆದವರಾದರೆ ‘ಲಂಡನ್ ಗೆಜೆಟ್’ ಮತ್ತು ಭಾರತ ಸರ್ಕಾರದ ಅಂದಿನ ಗೆಜೆಟ್‌ಗಳನ್ನು ನೋಡಬೇಕು.

ದರ್ಜೆಗಳ ಹೆಸರು ಗೊತ್ತಿದ್ದರೆ ಓದು ಸುಲಭ. ಅಶ್ವದಳದ ಸಿಪಾಯಿ ಸವಾರ. ಅವನ ಮೇಲೆ ದಫೇದಾರ್. ನಂತರ ಜಮಾದಾರ್, ರಿಸಾಲ್ದಾರ್. ಇಂದು ಹಲವು ಕುಟುಂಬಗಳ ಹೆಸರಿಗೆ ಅಂಟಿಕೊಂಡಿರುವ ‘ಜಮಾದಾರ್’, ‘ದಫೇದಾರ್’ಗಳೆಲ್ಲ ಸೇನೆಯಿಂದಲೇ ಬಂದವೆಂದು ತಿಳಿಯಬಾರದು. ಕಚೇರಿಯ ಜವಾನರಿಗೂ ಪೊಲೀಸರಿಗೂ ಅದೇ ಪದಗಳು ಬಳಕೆಯಲ್ಲಿದ್ದವು.

ದಳದ ಮುಂದಿನ ಚರಿತ್ರೆಯೂ ಒಂದು ಸುಳಿವು. ಸಂಸ್ಥಾನಗಳ ವಿಲೀನದ ನಂತರ ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಅಶ್ವದಳಗಳೊಂದಿಗೆ ಸೇರಿ 1953ರಲ್ಲಿ ಭಾರತೀಯ ಸೇನೆಯ 61ನೇ ಅಶ್ವದಳವಾಯಿತು. ಜೈಪುರದಲ್ಲಿ ನೆಲೆಯೂರಿದ ಆ ರೆಜಿಮೆಂಟ್ ಸೆಪ್ಟೆಂಬರ್ 23ನ್ನು ‘ಹೈಫಾ ದಿನ’ವಾಗಿ ಆಚರಿಸುತ್ತ ಬಂದಿದೆ. ಮೈಸೂರಿನ ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1940ರ ದಶಕದವರೆಗೆ ಸೇವೆಯಲ್ಲಿದ್ದ ಮಕ್ಕಳು, ಮೊಮ್ಮಕ್ಕಳ ಜಾಡನ್ನು ಈ ಕಡೆಯಿಂದ ಹಿಡಿಯಬೇಕು.

ಉಳಿದಿರುವುದು ಆ ಕೊನೆಯ ಸಾಲಿನವರು: ಹುಲ್ಲು ಕೊಯ್ದವರು, ನೀರು ಹೊತ್ತವರು, ರೊಟ್ಟಿ ಸುಟ್ಟವರು, ಕುದುರೆಗೆ ನಾಲು ಹೊಡೆದವರು. ಕುದುರೆ ನಿಂತರೆ ಅಶ್ವದಳವೇ ನಿಂತಂತೆ. ಅದನ್ನು ಐದು ವರ್ಷ ನಡೆಸಿದ ಕೈಗಳು ಇವರವು. ದತ್ತಕೋಶದಲ್ಲಿ ‘ಫಾಲೋವರ್’ ಎಂಬ ಒಂದೇ ಪದದಡಿ ಇವರಲ್ಲಿ ಸತ್ತ ಕೆಲವರು ಸಿಗುತ್ತಾರೆ. ‘ಸೈಸ್’, ‘ಭಿಸ್ತಿ’, ‘ಕುಕ್’ ಎಂಬ ಪದಗಳನ್ನೂ ದರ್ಜೆಯ ಜಾಗದಲ್ಲಿ ಹಾಕಿ ನೋಡುವುದು ಒಳ್ಳೆಯದು. ಬದುಕಿ ಮರಳಿದವರ ಪಾಲಿಗೆ ಅಷ್ಟೂ ಇಲ್ಲ. ಮನೆಯಲ್ಲೊಂದು ಕಂಚಿನ ಪದಕ, ಅದರ ಅಂಚಿನಲ್ಲಿ ಅರ್ಧ ಸವೆದ ಹೆಸರು, ಮಾಸಿದ ಬಿಡುಗಡೆ ಪತ್ರ, ‘ಅಜ್ಜ ಮಿಸರ ದೇಶಕ್ಕೆ ಹೋಗಿದ್ದರು’ ಎಂಬ ಮಾತು: ಇಷ್ಟು ಸಿಕ್ಕರೆ ಅದೇ ದಾಖಲೆ. ಮೊಬೈಲ್‌ನಲ್ಲಾದರೂ ಅವುಗಳ ಚಿತ್ರ ತೆಗೆದು, ಆ ಮಾತು ಹೇಳಿದ ಹಿರಿಯರ ಹೆಸರು ಮತ್ತು ತಾರೀಖಿನೊಂದಿಗೆ ಬರೆದಿಡಬೇಕು. ಸ್ತಂಭದ ಮೇಲೆ ಈ ಹೆಸರುಗಳನ್ನು ಯಾರೂ ಕೆತ್ತಿಲ್ಲ.